ನಲವತ್ತೆರಡೇ ನನ್ನ ಆಯ್ಕೆ

ಬೆನ್ಸನ್ ಟೌನಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ‘ಆಕ್ಸಿಸ್ ಅಂಡ್ ಆಲೈಸ್’ ಹರಡಿದರೆ ಭಾನುವಾರವೆಲ್ಲ ಅದಕ್ಕೇ. ಲ್ಯಾರಿ ಹ್ಯಾರಿಸ್ ರೂಪಿಸಿದ ಈ ಮಹಾಯುದ್ಧದ ಆಟಕ್ಕೆ ಹಲವು ಆವೃತ್ತಿಗಳಿವೆ. ಹೊಸಬರಿಗೆ ‘1941’ ಸಾಕು, ಬೇಗ ಮುಗಿಯುತ್ತದೆ. ನನಗೆ ‘1942’ರ ಎರಡನೇ ಆವೃತ್ತಿಯೇ ಇಷ್ಟ. ಅದರಲ್ಲಿ ಫಿರಂಗಿಯಿದೆ; ಅದು ಜೊತೆಗಿದ್ದರೆ ಸಿಪಾಯಿಯ ದಾಳಿಯ ಬಲ 1ರಿಂದ 2ಕ್ಕೇರುತ್ತದೆ. ಅತಿ ಅಗ್ಗದ ಕಾಯಿಗೂ ಬೆಲೆ ತರುವ ಆ ಲೆಕ್ಕಾಚಾರ ಎಷ್ಟು ಚೆಂದ!

ಇನ್ನೊಂದು ಕಾರಣ, ಭಾರತದ ಮೇಲೆ ಕೂತ ಕಾರ್ಖಾನೆ. ಜಪಾನ್ ಪೂರ್ವದಿಂದ ನುಗ್ಗುವಾಗ ಅದನ್ನು ಉಳಿಸಿಕೊಳ್ಳುವುದೇ ಬ್ರಿಟನ್ ಆಡುವವರಿಗೆ ಅಗ್ನಿಪರೀಕ್ಷೆ. ಆ ಪುಟ್ಟ ಕಾಯಿ ಮುಟ್ಟಿದಾಗಲೆಲ್ಲ, 1940ರಲ್ಲಿ ಶುರುವಾಗಿ ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನಗಳನ್ನು ದುರಸ್ತಿ ಮಾಡಿದ ನಮ್ಮ ಎಚ್‌ಎಎಲ್ ನೆನಪಾಗುತ್ತದೆ. ಒಂದೇ ಪೆಟ್ಟಿಗೆ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.