ಯಂತ್ರರಸಿಕರಿಗೊಂದು ಕೈಪಿಡಿ

ಚನ್ನರಾಯಪಟ್ಟಣದಿಂದ ಹಾಸನದವರೆಗೆ ಹೆದ್ದಾರಿಯಲ್ಲಿ ಐದನೆಯ ಗೇರಿನಲ್ಲಿ ನಿರಾಯಾಸವಾಗಿ ಓಡಿಬಂದ ಕಾರು, ಮುಂದೆ ಸಕಲೇಶಪುರವನ್ನು ದಾಟಿ ಶಿರಾಡಿ ಘಾಟಿಯನ್ನಿಳಿದು, ತುಂಬಿದ ಭಾರದೊಡನೆ ಮರಳಿ ಅದನ್ನೇರುವಾಗ ಎರಡನೆಯ ಗೇರನ್ನು ಏಕೆ ಬೇಡುವುದೆಂಬುದನ್ನು ಬಲ್ಲವನೇ ಯಂತ್ರದ ನಿಜವಾದ ರಸಿಕನು. ತಮ್ಮ ಕಾರಿನ ಪಿಕಪ್ಪನ್ನು ಹೆಚ್ಚಿಸಬೇಕೆಂಬ ಆಸೆ ನಮ್ಮ ಹಾಸನ ಜಿಲ್ಲೆಯ ತರುಣರಲ್ಲಿ ಸಹಜವಾದುದೇ. ಆದರೆ ಶಕ್ತಿಯು ಎಲ್ಲಿ ಹುಟ್ಟಿ ಯಾವ ಹಾದಿಯಿಂದ ಚಕ್ರವನ್ನು ಸೇರುವುದೆಂಬುದನ್ನು ಅರಿಯದೆ ಮಾಡಿದ ವೆಚ್ಚಕ್ಕೆ ದೊರೆಯುವ ಫಲ ಅತ್ಯಲ್ಪವಾದುದು.

ಶಕ್ತಿಯ ಜನ್ಮಸ್ಥಾನವು ಸಿಲಿಂಡರು. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ಸಿದ್ಧಪಡಿಸಿದ ನಾಲ್ಕು ಸ್ಟ್ರೋಕುಗಳ ಕ್ರಮವೇ ಇಂದಿಗೂ ನಡೆದುಬಂದಿದೆ: ಪಿಸ್ಟನ್ನು ಕೆಳಗಿಳಿಯುವಾಗ ಗಾಳಿಯೂ ಇಂಧನವೂ ಒಳಬರುತ್ತವೆ, ಅದು ಮೇಲೇರಿ ಆ ಮಿಶ್ರಣವನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಅದುಮುತ್ತದೆ, ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಅನಿಲವು ಅದನ್ನು ಬಲವಾಗಿ ಕೆಳಕ್ಕೆ ನೂಕುತ್ತದೆ, ಮತ್ತೆ ಮೇಲೇರಿ ಅದು ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕರಲ್ಲಿ ದುಡಿಮೆಯು ಒಂದರದೇ. ಉಳಿದ ಮೂರನ್ನು ಫ್ಲೈವ್ಹೀಲಿನ ಆವೇಗವೂ ನೆರೆಯ ಸಿಲಿಂಡರುಗಳೂ ಸಾಗಿಸಿಕೊಡಬೇಕು. 1983ರಲ್ಲಿ ಬಂದ ಮಾರುತಿ 800ರ 796 ಸಿ.ಸಿ. ಇಂಜಿನ್ನಿನಲ್ಲಿ ಮೂರೇ ಸಿಲಿಂಡರುಗಳಿದ್ದುದರಿಂದ, ಎರಡು ದಹನಗಳ ನಡುವೆ ಕ್ರ್ಯಾಂಕು 240 ಡಿಗ್ರಿ ತಿರುಗಬೇಕಾಗಿತ್ತು. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ 180 ಡಿಗ್ರಿ ಸಾಕು. ನಿಂತಲ್ಲೇ ಚಾಲನೆಯಲ್ಲಿರುವ ಕಾರಿನ ನಡುಕದಲ್ಲಿ ಈ ಭೇದವನ್ನು ಗುರುತಿಸುವ ಅಭ್ಯಾಸವೇ ರಸಿಕನ ಪ್ರಥಮ ಪಾಠ. ಈ ಲಯವನ್ನು ಬಲ್ಲ ಕಿವಿಗೆ, ಒಂದು ಸಿಲಿಂಡರು ದುಡಿಯದೆ ಇಂಜಿನ್ನು ಮಿಸ್ಸಿಂಗ್ ಆದೊಡನೆಯೇ ಅದು ತಿಳಿದುಹೋಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವ ಹಾಸನದಲ್ಲಿ ಗಾಳಿಯ ಸಾಂದ್ರತೆಯು ಕರಾವಳಿಗಿಂತ ಶೇಕಡಾ 9ರಷ್ಟು ಕಡಿಮೆ. ಆದುದರಿಂದ ಟರ್ಬೊ ಇಲ್ಲದ ಇಂಜಿನ್ನು ಇಲ್ಲಿ ಮಂಗಳೂರಿನಲ್ಲಿ ತೋರುವಷ್ಟು ಬಲವನ್ನು ತೋರಲಾರದು. ಹೊರಹೋಗುವ ಹೊಗೆಯ ವೇಗದಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆ.

ಹುಟ್ಟಿದ ಬಲವು ಕ್ಲಚ್ ಪ್ಲೇಟಿನ ಹಿಡಿತದ ಮೂಲಕ ಗೇರ್‌ಬಾಕ್ಸನ್ನು ಸೇರುತ್ತದೆ. ಸಣ್ಣ ಕಾರಿನ ಮೊದಲ ಗೇರಿನ ಅನುಪಾತ ಸುಮಾರು ಮೂರೂವರೆಯೆಂದೂ ಡಿಫರೆನ್ಷಿಯಲ್ಲಿನದು ನಾಲ್ಕೆಂದೂ ಇಟ್ಟುಕೊಂಡರೆ, ಚಕ್ರದ ಒಂದು ಸುತ್ತಿಗೆ ಕ್ರ್ಯಾಂಕು ಹದಿನಾಲ್ಕು ಸುತ್ತು ತಿರುಗುವುದಾಯಿತು. ವೇಗವನ್ನು ತೆತ್ತು ತಿರುಗುಬಲವನ್ನು ಕೊಳ್ಳುವ ಈ ವಿನಿಮಯವೇ ಘಾಟಿಯ ಪ್ರಶ್ನೆಗೆ ಉತ್ತರ. ಅರಕಲಗೂಡಿನ ಹಾದಿಯ ತಿರುವುಗಳಲ್ಲಿ ಹೊರಬದಿಯ ಚಕ್ರವು ಒಳಬದಿಯದಕ್ಕಿಂತ ಹೆಚ್ಚು ದೂರ ಉರುಳಬೇಕಷ್ಟೆ. ಬಲವನ್ನು ಎರಡಕ್ಕೂ ಹಂಚಿ, ಭಿನ್ನ ವೇಗಗಳಲ್ಲಿ ತಿರುಗಲು ಎಡೆಗೊಡುವ ಕಾರ್ಯ ಡಿಫರೆನ್ಷಿಯಲ್ಲಿನದು.

ಈ ಸರಪಣಿಯ ಒಂದೊಂದು ಅಂಗವೂ ಮುಂದಿನ ಅಂಗದ ಸಾಮರ್ಥ್ಯಕ್ಕೆ ತಕ್ಕಂತೆ ನಿರ್ಮಿತವಾಗಿದೆಯೆಂಬುದೇ ನಾನು ಹೊಸಬರಿಗೆ ಹೇಳಬೇಕಾದ ಮುಖ್ಯ ಮಾತು. ಇಂಜಿನ್ನಿನ ಬಲವನ್ನಷ್ಟೇ ಹೆಚ್ಚಿಸಿದರೆ ಕ್ಲಚ್ಚು ಜಾರುತ್ತದೆ, ಗೇರಿನ ಹಲ್ಲುಗಳು ಬೇಗ ಸವೆಯುತ್ತವೆ, ಇಳಿಜಾರಿನಲ್ಲಿ ಬ್ರೇಕು ಮಿತಿಮೀರಿ ಕಾಯುತ್ತದೆ; ದೊಡ್ಡ ವ್ಯಾಸದ ಟೈರು ಹಾಕಿದರೆ ಅನುಪಾತವೇ ವ್ಯತ್ಯಾಸಗೊಂಡು, ಏರಿನಲ್ಲಿ ಕಾರು ಸೋಲುವುದಲ್ಲದೆ ಸ್ಪೀಡಾಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರುತ್ತದೆ. ಮೇಲಿನ ಗೇರಿನಲ್ಲಿ ಏರನ್ನೇರುವಾಗ ಇಂಜಿನ್ನಿನ ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ, ಅಗತ್ಯವಾದುದು ಹೊಸ ಟರ್ಬೊ ಅಲ್ಲ, ಹೊಸ ಕ್ಲಚ್ ಪ್ಲೇಟು. ಅಲ್ಲದೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಆರ್.ಸಿ.ಯಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವುದು ನಿಷಿದ್ಧ.

ಆದುದರಿಂದ ಕಾರಿನಲ್ಲಿ ಅಭಿರುಚಿಯುಳ್ಳವರು ಮೊದಲು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ರೇಡಿಯೋ ನಿಲ್ಲಿಸಿ, ಗೇರು ಬದಲಾದಾಗಲೆಲ್ಲ ಇಂಜಿನ್ನಿನ ಧ್ವನಿ ಹೇಗೆ ಬದಲಾಗುವುದೆಂದು ಕೇಳುತ್ತ ಹೋಗಬೇಕು. ಅನಂತರ ಪ್ಲಗ್ಗು, ಏರ್ ಫಿಲ್ಟರು, ಆಯಿಲು, ಕ್ಲಚ್ಚು, ಟೈರು, ಬ್ರೇಕುಗಳನ್ನು ಅನುಭವಿಯಾದ ಮೆಕ್ಯಾನಿಕ್ಕಿಗೆ ತೋರಿಸಿ ಸುಸ್ಥಿತಿಗೆ ತರಬೇಕು. ಇಷ್ಟನ್ನು ಮಾಡಿದ ಮೇಲೂ ಬಲ ಸಾಲದೆನಿಸಿದರೆ ಮಾತ್ರ ಹೊಸ ಭಾಗಗಳ ವಿಚಾರಕ್ಕೆ ಕೈಹಾಕಿರಿ.