ಸಹಾಯಕ ಪ್ರೋಟೀನು: ರಕ್ಷಕವೋ, ಪುನರುದ್ಧಾರಕವೋ?

ಉಷ್ಣಾಘಾತಕ್ಕೆ ಸಿಕ್ಕಿದ ಜೀವಕೋಶದಲ್ಲಿ ಆರ್‌ಎನ್‌ಎ ಸ್ಪ್ಲೈಸಿಂಗ್ ನಿಂತುಹೋಗುವುದೆಂದೂ ಸಹಾಯಕ ಪ್ರೋಟೀನುಗಳು ಅದನ್ನು ಕಾಪಾಡುವುವೆಂದೂ ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಸುಳ್ಳಲ್ಲ. ಆದರೆ ‘ಕಾಪಾಡುವುದು’ ಎಂಬ ಒಂದೇ ಪದದಲ್ಲಿ ಎರಡು ಭಿನ್ನ ಕಾರ್ಯಗಳು ಅಡಗಿಕೊಂಡಿವೆ. ಅವನ್ನು ಬೇರ್ಪಡಿಸದೆ ವಿಷಯ ಸ್ಪಷ್ಟವಾಗದು.

ಯೋಸ್ಟ್ ಮತ್ತು ಲಿಂಡ್‌ಕ್ವಿಸ್ಟ್ ಅವರು ೧೯೮೬ರಲ್ಲಿ ಪ್ರಕಟಿಸಿದ ಪ್ರಬಂಧವೇ ಈ ಚರ್ಚೆಗೆ ಮೂಲ. ಡ್ರೊಸೊಫಿಲ ನೊಣದ ಕೋಶಗಳನ್ನು ಒಮ್ಮೆಲೇ ತೀವ್ರ ಉಷ್ಣಕ್ಕೆ ಒಡ್ಡಿದಾಗ, ಇಂಟ್ರಾನುಗಳನ್ನು ಕತ್ತರಿಸಿ ಉಳಿದ ಭಾಗಗಳನ್ನು ಬೆಸೆಯುವ ಕಾರ್ಯಕ್ಕೆ ತಡೆಯುಂಟಾಯಿತು. ಮೊದಲು ಸೌಮ್ಯವಾದ ಉಷ್ಣವನ್ನು ಕೊಟ್ಟಿದ್ದರೆ ಆ ತಡೆ ಒದಗಲಿಲ್ಲ. ಆದರೆ ಆ ಅವಧಿಯಲ್ಲಿ ಪ್ರೋಟೀನು ಸಂಶ್ಲೇಷಣೆಯನ್ನು ನಿಲ್ಲಿಸಿದರೆ ರಕ್ಷಣೆಯೂ ಇಲ್ಲವಾಯಿತು. ಉಷ್ಣಾಘಾತದ ಜೀನುಗಳಲ್ಲಿ ಹೆಚ್ಚಿನವಕ್ಕೆ ಇಂಟ್ರಾನುಗಳಿಲ್ಲದಿರುವುದರ ಔಚಿತ್ಯವೂ ಇದರಿಂದ ಹೊಳೆಯುತ್ತದೆ. ಪ್ರಯೋಗ ಸೊಗಸಾದುದು. ಆದರೂ ಹೊಸ ಪ್ರೋಟೀನು ಬೇಕೆಂಬುದನ್ನು ಅದು ತೋರಿಸಿತೇ ಹೊರತು ಯಾವ ಪ್ರೋಟೀನು ಏನು ಮಾಡುತ್ತದೆಂಬುದನ್ನಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರೂ ಅವರೇ. ೧೯೯೧ರಲ್ಲಿ ಯೀಸ್ಟನ್ನು ಪರೀಕ್ಷಿಸಿದಾಗ ಫಲ ಬೇರೆಯಾಯಿತು. ಅಲ್ಲಿಯೂ ಸೌಮ್ಯ ಉಷ್ಣ ರಕ್ಷಣೆ ಕೊಟ್ಟಿತು. ಆದರೆ ಆ ರಕ್ಷಣೆಗೆ ಹೊಸ ಪ್ರೋಟೀನು ಬೇಕಾಗಲಿಲ್ಲ. ಹೊಸ ಪ್ರೋಟೀನು ಬೇಕಾದುದು, ಒಮ್ಮೆ ಕೆಟ್ಟ ಸ್ಪ್ಲೈಸಿಂಗ್ ಬೇಗನೆ ಚೇತರಿಸಿಕೊಳ್ಳುವುದಕ್ಕೆ. ಎಚ್‌ಎಸ್‌ಪಿ ೧೦೪ ಎಂಬ ಪ್ರೋಟೀನನ್ನು ಕಳೆದುಕೊಂಡ ತಳಿಗಳಲ್ಲಿ ಈ ಚೇತರಿಕೆ ತಡವಾಯಿತು. ಎಂದರೆ ಎಚ್‌ಎಸ್‌ಪಿ ೧೦೪ ಮನೆಗೆ ಬೆಂಕಿ ತಾಗದಂತೆ ನೋಡಿಕೊಳ್ಳುವ ಕಾವಲುಗಾರನಲ್ಲ; ಬೆಂಕಿ ಆರಿದ ಮೇಲೆ ಮನೆಯನ್ನು ದುರಸ್ತಿಮಾಡುವ ಕೆಲಸಗಾರ. ಅದು ಗಂಟುಕಟ್ಟಿದ ಪ್ರೋಟೀನುಗಳನ್ನು ಬಿಡಿಸುತ್ತದೆಂಬ ೧೯೯೪ರ ಶೋಧನೆಯೂ, ಎಚ್‌ಎಸ್‌ಪಿ ೭೦ರೊಡನೆ ಅದು ಉಷ್ಣದಿಂದ ಕೆಟ್ಟ ಸ್ಪ್ಲೈಸಿಂಗನ್ನು ಪುನಃ ಚಾಲನೆಗೆ ತರುತ್ತದೆಂಬ ೧೯೯೫ರ ವರದಿಯೂ ಈ ತೀರ್ಮಾನಕ್ಕೆ ಪುಷ್ಟಿಕೊಟ್ಟವು.

ನಮ್ಮ ಆಕ್ಷೇಪ ಈ ಸಂಶೋಧನೆಯ ಮೇಲಲ್ಲ, ಅದನ್ನು ಸಂಗ್ರಹಿಸುವ ರೀತಿಯ ಮೇಲೆ. ನೊಣದಲ್ಲಿ ಕಂಡ ರಕ್ಷಣೆಗೆ ಯೀಸ್ಟಿನ ಎಚ್‌ಎಸ್‌ಪಿ ೧೦೪ನ್ನು ಕಾರಣವಾಗಿ ಹೇಳುವುದು ಎರಡು ಬಗೆಯಲ್ಲಿ ತಪ್ಪು. ಮೊದಲನೆಯದಾಗಿ, ಕಾರ್ಯವೇ ಬೇರೆ. ಎರಡನೆಯದಾಗಿ, ಪ್ರಾಣಿಗಳ ಕೋಶದ್ರವದಲ್ಲಾಗಲಿ ಕೋಶಕೇಂದ್ರದಲ್ಲಾಗಲಿ ಈ ಪ್ರೋಟೀನೇ ಇಲ್ಲ. ಅಲ್ಲಿ ಗಂಟು ಬಿಡಿಸುವ ಕೆಲಸವನ್ನು ಎಚ್‌ಎಸ್‌ಪಿ ೭೦ ಮತ್ತು ಅದರ ಸಂಗಾತಿಗಳು ಮಾಡುತ್ತವೆ.

ಆದುದರಿಂದ ಪಾಠ ಹೇಳುವವರು ‘ಸಹಾಯಕ’ ಎಂಬ ಪದವನ್ನು ಬಳಸುವಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು: ಯಾವ ಜೀವಿಯಲ್ಲಿ? ಆಘಾತಕ್ಕೆ ಮುಂಚೆಯೋ, ಅನಂತರವೋ? ಯಾವ ಪ್ರೋಟೀನಿನ ಅಭಾವದಿಂದ ಇದು ಸಿದ್ಧವಾಯಿತು? ಇವಕ್ಕೆ ಉತ್ತರವಿಲ್ಲದ ಕಡೆ ಆ ಪದ ವಿವರಣೆಯಾಗದು, ಬರಿಯ ಹೆಸರಾಗುತ್ತದೆ.