ಸಿಗ್ನಲ್ ಕಡಿದ ಮೇಲೆ ಯಂತ್ರ ಎಲ್ಲಿಗೆ?

ರಿಮೋಟ್ ಕಾರಿರಲಿ, ಡ್ರೋನ್ ಇರಲಿ, ಸಿಗ್ನಲ್ ತಪ್ಪಿದಾಗ ಅದು ಕೈಮೀರದಂತೆ ತಡೆಯುವ ಏರ್ಪಾಟಿಗೆ ಫೇಲ್‌ಸೇಫ್ ಎನ್ನುತ್ತಾರೆ. ಪೆಟ್ಟಿಗೆಯ ಮೇಲೆ ಆ ಹೆಸರು ಕಂಡರೆ ಸಾಕು, ಕೊಳ್ಳುವವರು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆಯೇ ನನಗೆ ಭಯ ಹುಟ್ಟಿಸುವುದು.

ಹಿಂದಿನ 27 ಮೆಗಾಹರ್ಟ್ಸ್ ಕಾರುಗಳಲ್ಲಿ ಒಬ್ಬನ ರಿಮೋಟಿಗೆ ಇನ್ನೊಬ್ಬನ ಕಾರು ಓಡುತ್ತಿತ್ತು. 2.4 ಗಿಗಾಹರ್ಟ್ಸ್ ಬಂದ ಮೇಲೆ ರಿಮೋಟೂ ರಿಸೀವರೂ ಜೋಡಿಯಾದವು, ಆ ತಂಟೆ ಬಹುಮಟ್ಟಿಗೆ ತೀರಿತು. ಆದರೆ ಸಿಗ್ನಲ್ ಹೋದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಳ್ಳುವ ರಿಸೀವರುಗಳು ಈಗಲೂ ಇವೆ. ಕೊನೆಯ ಆಜ್ಞೆ ಪೂರ್ತಿ ವೇಗದ್ದಾಗಿದ್ದರೆ ಕಾರು ಅದೇ ವೇಗದಲ್ಲಿ ಹೋಗುತ್ತಲೇ ಇರುತ್ತದೆ. ಇನ್ನು ಕೆಲವು, ಜೋಡಿ ಮಾಡುವ ಹೊತ್ತಿಗೆ ಥ್ರಾಟಲ್ ಎಲ್ಲಿತ್ತೋ ಅದನ್ನೇ ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುತ್ತವೆ. ಆಗ ಬೆರಳು ಥ್ರಾಟಲ್ ಒತ್ತಿದ್ದರೆ ರಕ್ಷಣೆಗೆಂದು ಇಟ್ಟದ್ದೇ ಕಾರನ್ನು ಓಡಿಸುತ್ತದೆ.

ಪರೀಕ್ಷೆ ಸುಲಭ. ಕಾರನ್ನು ಇಟ್ಟಿಗೆಯ ಮೇಲಿಟ್ಟು ಚಕ್ರಗಳು ನೆಲಕ್ಕೆ ತಾಗದಂತೆ ಮಾಡಿ, ಅರ್ಧ ಥ್ರಾಟಲ್ ಕೊಟ್ಟು ರಿಮೋಟ್ ಆಫ್ ಮಾಡಬೇಕು. ಚಕ್ರ ಕೂಡಲೇ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಆ ಕಾರು ಅಂಗಳಕ್ಕೂ ಇಳಿಯಬಾರದು.

ಈ ಪರೀಕ್ಷೆಗೂ ಸಿಗದ ದೋಷಗಳಿವೆ. ನೈಟ್ರೋ ಎಂಜಿನ್ ಕಾರಿನಲ್ಲಿ ರಿಸೀವರಿನ ಬ್ಯಾಟರಿಯೇ ಸತ್ತರೆ ಫೇಲ್‌ಸೇಫೂ ಅದರ ಜೊತೆಗೇ ಸಾಯುತ್ತದೆ, ಎಂಜಿನ್ ಮಾತ್ರ ಓಡುತ್ತಿರುತ್ತದೆ. ಅಲ್ಲಿ ಕಾಯುವುದು ಕಾರ್ಬ್ಯುರೇಟರನ್ನು ಮುಚ್ಚುವತ್ತ ಎಳೆಯುವ ಸಣ್ಣ ಸ್ಪ್ರಿಂಗ್. ಎಲೆಕ್ಟ್ರಾನಿಕ್ ಸಾಧನಗಳಿಗಿಂತ ಆ ಸ್ಪ್ರಿಂಗಿಗೇ ನಾನು ಹೆಚ್ಚು ಅಂಕ ಕೊಡುತ್ತೇನೆ.

ಡ್ರೋನಿನ ವಿಷಯದಲ್ಲಿ ನೆಲದ ಲಕ್ಷಣವೂ ಸೇರಿಕೊಳ್ಳುತ್ತದೆ. ಹಳಿಯಾಳದ ಕಬ್ಬಿನ ಗದ್ದೆಗೋ ಮುಂಡಗೋಡದ ಭತ್ತದ ಬಯಲಿಗೋ ಔಷಧಿ ಹೊಡೆಯುವಾಗ ಸಿಗ್ನಲ್ ಹೋಯಿತೆನ್ನಿ. ಅದು ನಿಗದಿತ ಎತ್ತರಕ್ಕೇರಿ ಹೊರಟ ಜಾಗಕ್ಕೆ ಮರಳಿದರೆ, ದಾರಿಯಲ್ಲಿ ವಿದ್ಯುತ್ ತಂತಿ ಇಲ್ಲದಿದ್ದರೆ, ಸರಿಹೋಗುತ್ತದೆ. ಅದೇ ಸೆಟ್ಟಿಂಗ್ ಜೋಯಿಡಾದಲ್ಲಿ, ದಾಂಡೇಲಿಯ ಕಾಳಿ ಕಣಿವೆಯಲ್ಲಿ ನಡೆಯುವುದಿಲ್ಲ. ಮರಳುವ ಎತ್ತರವನ್ನು ಸಾಮಾನ್ಯವಾಗಿ ಹೊರಟ ಜಾಗದಿಂದ ಲೆಕ್ಕ ಹಾಕುತ್ತಾರೆ. ಕಣಿವೆಯ ತಳದಿಂದ 30 ಮೀಟರ್ ಎಂದು ಇಟ್ಟರೆ ಅದು ಗುಡ್ಡದ ಸೊಂಟಕ್ಕೂ ಬರುವುದಿಲ್ಲ. ಗುಡ್ಡದ ಮರೆಗೆ ಹೋದಾಗಲೇ ಸಿಗ್ನಲ್ ಕಡಿಯುವುದು, ನೇರ ದಾರಿ ಹಿಡಿದು ಮರಳುವಾಗ ಎದುರಾಗುವುದೂ ಅದೇ ಗುಡ್ಡ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಒಣಗಿದ ಬೇಸಿಗೆಯಲ್ಲಿ ಲಿಥಿಯಂ ಬ್ಯಾಟರಿ ಬಿದ್ದು ಒಡೆದರೆ ಕಾಡಿಗೆ ಬೆಂಕಿಯ ಭಯವೂ ಇದೆ.

2021ರ ಡ್ರೋನ್ ನಿಯಮಗಳು ಸುರಕ್ಷತೆಯ ಅಂಶಗಳಾಗಿ ಹೆಸರಿಸಿರುವುದು ಅನುಮತಿಯಿಲ್ಲದೆ ಮೇಲೇಳದಂತೆ ತಡೆಯುವುದು, ಇರುವ ಜಾಗವನ್ನು ತಿಳಿಸುತ್ತಿರುವುದು, ಗಡಿ ದಾಟದಂತೆ ನೋಡಿಕೊಳ್ಳುವುದು. ಮೂರೂ ಬೇಕಾದವೇ. ಸಿಗ್ನಲ್ ಕಡಿದಾಗಿನ ನಡವಳಿಕೆಯನ್ನೂ ಅವುಗಳ ಸಾಲಿನಲ್ಲೇ ಹೆಸರಿಸಬೇಕಿತ್ತು. ಡಿಆರ್‌ಡಿಒದ ಮಾನವರಹಿತ ವಿಮಾನಗಳೇ 2019 ಮತ್ತು 2023ರಲ್ಲಿ ಚಿತ್ರದುರ್ಗ ಜಿಲ್ಲೆಯ ಹೊಲಗಳಲ್ಲಿ ಬಿದ್ದಿವೆ. ಬಾಡಿಗೆ ಡ್ರೋನ್ ಬೀಳುವುದೇ ಇಲ್ಲವೆಂದು ಯಾರೂ ಭರವಸೆ ಕೊಡಲಾರರು.

ಆದ್ದರಿಂದ ರೈತರಲ್ಲಿ ನನ್ನ ಮನವಿ: ಡ್ರೋನ್ ತಂದವರನ್ನು ಮರಳುವ ಎತ್ತರ ಎಷ್ಟು ಇಟ್ಟಿದ್ದೀರಿ, ನಮ್ಮ ಗದ್ದೆಯ ತಂತಿ, ಮರ ನೋಡಿದ್ದೀರಾ ಎಂದು ಕೇಳಿ. ಉತ್ತರ ಬರುವ ತನಕ ಟ್ಯಾಂಕಿಗೆ ಔಷಧಿ ಸುರಿಯಲು ಬಿಡಬೇಡಿ.